ನರಗುಂದದ ಕರನಿರಾಕರಣೆ ಮತ್ತು ‘ಮಿತ ಸರಕಾರ’ದ ವಾದ

1980ರ ನರಗುಂದ–ನವಲಗುಂದ ರೈತ ಚಳವಳಿಯನ್ನು ಕುರಿತು ಬರೆಯುವವರಲ್ಲಿ ಎರಡು ರೂಢಿಗಳು ಕಂಡುಬರುತ್ತವೆ. ಅದನ್ನು 1858ರ ನರಗುಂದ ಬಂಡಾಯದ ಮುಂದುವರಿಕೆಯೆಂದು ಬಣ್ಣಿಸುವುದು ಒಂದು. ಸರಕಾರದ ಅಧಿಕಾರವನ್ನೂ ವೆಚ್ಚವನ್ನೂ ಮೊಟಕುಮಾಡಲು ಜನರೇ ಹೂಡಿದ ಹೋರಾಟವೆಂದು ಅರ್ಥಯಿಸುವುದು ಇನ್ನೊಂದು. ಮೊದಲನೆಯದನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಭಾಸ್ಕರರಾವ್ ಭಾವೆ ದತ್ತಕದ ಹಕ್ಕನ್ನು ಕಳೆದುಕೊಂಡ ಸಂಸ್ಥಾನಿಕ. 1980ರಲ್ಲಿ ಬೀದಿಗಿಳಿದವರು ಕಾಲುವೆಯ ಕೆಳಗಣ ಒಕ್ಕಲು ಮಕ್ಕಳು. ಊರು ಒಂದೇ ಆದ ಮಾತ್ರಕ್ಕೆ ಕಾರಣವೂ ಒಂದೇ ಆಗದು.

ಎರಡನೆಯ ಅರ್ಥವಿವರಣೆ ಪರಿಶೀಲನಾರ್ಹವಾದುದು. ಈ ಲೇಖಕನೂ ತರಗತಿಯಲ್ಲಿ ಅದನ್ನೇ ಹೇಳಿದ್ದುಂಟು. ಆಗ ರೋಣ ಸೀಮೆಯ ಇಟಗಿಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಎದ್ದು, “ಸರ, ಸರಕಾರನ ಬ್ಯಾಡ ಅಂದವರು ಕಾಲುವಿನೂ ಬ್ಯಾಡ ಅಂದಿದ್ರೇನ್ರಿ?” ಎಂದು ಕೇಳಿದನು. ಉತ್ತರ ಆ ಹೊತ್ತಿಗೆ ಹೊಳೆಯಲಿಲ್ಲ.

ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಈ ಎರೆಭೂಮಿಗೆ ಬಂದುದು ಸರಕಾರದ ವೆಚ್ಚದಿಂದಲೇ. ನೀರಾವರಿಯಿಂದ ಜಮೀನಿನ ಬೆಲೆ ಏರುವುದಾದುದರಿಂದ ಆ ಏರಿಕೆಯಲ್ಲಿ ಒಂದು ಪಾಲು ಬೊಕ್ಕಸಕ್ಕೆ ಸಲ್ಲತಕ್ಕುದೆಂಬುದು 1957ರ ಕಾನೂನಿನ ತರ್ಕ. ಅದೇ ಅಭಿವೃದ್ಧಿ ಕರ. ಜನರ ಬಾಯಲ್ಲಿ ಬೆಟರ್‌ಮೆಂಟ್ ಲೆವಿ. ಕಾಗದದ ಮೇಲೆ ತರ್ಕ ನಿರ್ದುಷ್ಟ. ಹೊಲದಲ್ಲಿ ಹಾಗಿರಲಿಲ್ಲ. ಕಾಲುವೆಯ ಕೊನೆಯ ಭಾಗಕ್ಕೆ ನೀರು ಸರಿಯಾಗಿ ಮುಟ್ಟಲಿಲ್ಲ. ಮುಟ್ಟಿದ ಕಡೆ ಎರೆಮಣ್ಣು ಜವುಗು ಹಿಡಿಯಿತು. ನೀರಾವರಿಯನ್ನು ನಂಬಿ ಬೆಳೆದ ವರಲಕ್ಷ್ಮಿ ಹತ್ತಿಯ ಧಾರಣೆ ಕುಸಿಯಿತು. ಬೆಲೆ ಇಳಿದರೂ ಕರ ಇಳಿಯಲಿಲ್ಲ. ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ಲೆವಿಯನ್ನೂ ನೀರಿನ ಕರವನ್ನೂ ಪ್ರತಿಭಟಿಸಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲೀಬಾರಾಗಿ ರೈತರು ಮಡಿದರು. ಅಂದು ನರಗುಂದದಲ್ಲಿ ಪೋಲೀಸರೂ ಸತ್ತರೆಂಬುದನ್ನು ನಮ್ಮ ಬಹುಪಾಲು ಲೇಖನಗಳು ಮರೆಯುತ್ತವೆ. ಅದು ಇತಿಹಾಸಕಾರನಿಗೆ ತಕ್ಕುದಲ್ಲ.

ಈಗ ಬೇಡಿಕೆಗಳನ್ನು ಒಟ್ಟಿಗೆ ಇಟ್ಟು ನೋಡತಕ್ಕುದು. ಲೆವಿ ರದ್ದಾಗಲಿ, ನೀರಿನ ಕರ ಇಳಿಯಲಿ ಎಂಬಷ್ಟನ್ನೇ ಓದಿದರೆ ಮಿತ ಸರಕಾರದ ವಾದಿಗಳು ಹೇಳುವುದು ನಿಜವೆನಿಸುತ್ತದೆ. ಆದರೆ ಅದೇ ರೈತರು ಬೆಳೆಗೆ ಯೋಗ್ಯ ಬೆಲೆಯನ್ನೂ ಕೇಳಿದರು. ಆ ಬೆಲೆಯನ್ನು ಕಟ್ಟಿಕೊಡಬೇಕಾದುದು ಸರಕಾರವೇ. ಇದಕ್ಕೆ ಎರಡೇ ವರ್ಷ ಹಿಂದೆ, 1978ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದ ಮತದಾರರು ಸ್ಥಿರಾಸ್ತಿ ತೆರಿಗೆಯನ್ನು ಶೇಕಡ 1ಕ್ಕೆ ಕಟ್ಟಿಹಾಕಿದರು. ಅಲ್ಲಿನ ಮುಂದಾಳುಗಳಿಗೆ ಸರಕಾರ ಕಿರಿದಾಗುವುದೇ ಇಷ್ಟವಾಗಿತ್ತು. 1959ರಲ್ಲಿ ರಾಜಾಜಿಯವರು ಕಟ್ಟಿದ ಸ್ವತಂತ್ರ ಪಕ್ಷದ ತತ್ತ್ವವೂ ಅದಕ್ಕೆ ಹತ್ತಿರವಾದುದೇ. ನರಗುಂದದ ರೈತನ ತಕರಾರು ಬೇರೆ: ಕೊಡದ ಸರಕಿಗೆ ಬೆಲೆ ಕೇಳಬಾರದು ಎಂಬುದು.

ಅದೇ ವರ್ಷ ಹುಟ್ಟಿದ ರಾಜ್ಯ ರೈತ ಸಂಘದ ನಡವಳಿಕೆಯಲ್ಲಿ ಮಿತಿಯ ವಿಚಾರ ಒಂದಿಷ್ಟು ಸ್ಪಷ್ಟವಾಗಿಯೇ ಇದೆಯೆಂದು ಒಪ್ಪಬೇಕು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಒಳಬರಕೂಡದೆಂದು ಊರಬಾಗಿಲಲ್ಲಿ ಫಲಕ ನೆಟ್ಟುದು, ಜಪ್ತಿಯಾದ ಸಾಮಾನನ್ನು ‘ಮರುಜಪ್ತಿ’ ಮಾಡಿ ತಂದುದು, ಇವು ಸರಕಾರಕ್ಕೆ ಎಲ್ಲೆ ಹಾಕಿದ ಕೃತ್ಯಗಳೇ. ಆದರೆ ಆ ಎಲ್ಲೆ ಬಿದ್ದುದು ಅಧಿಕಾರಿಯ ಕಾಲಿಗೆ, ಬೊಕ್ಕಸದ ವೆಚ್ಚಕ್ಕಲ್ಲ. ಈ ಎರಡನ್ನು ಒಂದೇ ಎಂದು ಎಣಿಸಿದಲ್ಲಿಯೇ ನಮ್ಮ ಲೇಖಕರು ಎಡವಿರುವುದು. ಲೆವಿಯನ್ನು ಧಿಕ್ಕರಿಸಿದ ಇದೇ ನರಗುಂದದಲ್ಲಿ 2015ರ ಜುಲೈಯಲ್ಲಿ ರೈತರು ದೀರ್ಘಕಾಲದ ಧರಣಿಗೆ ಕುಳಿತುದು ಕಳಸಾ–ಬಂಡೂರಿ ನಾಲೆಗಳನ್ನು ಸರಕಾರ ಕಟ್ಟಿಸಿಕೊಡಲಿ ಎಂದು.