ಕರಿಗಾಜಿನ ತವರು

ಅಬ್ಸಿಡಿಯನ್ ಚೂರನ್ನು ಬೆಳಕಿಗೆ ಹಿಡಿದರೆ ತೆಳು ಅಂಚು ಹೊಗೆಬಣ್ಣಕ್ಕೆ ತಿಳಿಯಾಗುತ್ತದೆ. ಒಡೆದ ಮುಖದಲ್ಲಿ ಚಿಪ್ಪಿನ ಮೈಯಂಥ ಅಲೆಗೆರೆಗಳು. ಈ ಜ್ವಾಲಾಮುಖಿ ಗಾಜು ಯಾವ ಬೆಟ್ಟದ್ದೆಂದು ಬರಿಗಣ್ಣು ಖಚಿತವಾಗಿ ಹೇಳಲಾರದು. ಆದರೆ ಅದರೊಳಗೆ ಬೇರಿಯಂ, ಜಿರ್ಕೋನಿಯಂಗಳು ಅತ್ಯಲ್ಪ ಪ್ರಮಾಣದಲ್ಲಿ ಅಡಗಿರುತ್ತವೆ, ಆ ಪ್ರಮಾಣ ಮೂಲದಿಂದ ಮೂಲಕ್ಕೆ ಬೇರೆ. ಅದನ್ನು ಓದುವ ದಾರಿಯನ್ನು 1964ರಲ್ಲಿ ಸಂಶೋಧಕರಾದ ಜೆ.ಆರ್. ಕ್ಯಾನ್ ಮತ್ತು ಕಾಲಿನ್ ರೆನ್‌ಫ್ರೂ ತೋರಿಸಿದರು. ಎಂಥ ಸೂಕ್ಷ್ಮ ಕಸುಬು!

ಗ್ರೀಸಿನ ಫ್ರಾಂಖ್ತಿ ಗುಹೆಯಲ್ಲಿ ಸಿಕ್ಕ, 10,000 ವರ್ಷಕ್ಕೂ ಹಳೆಯ ಚೂರುಗಳ ಮೂಲ ಮೆಲೋಸ್ ದ್ವೀಪ. ಆಗಲೂ ಅದರ ಸುತ್ತ ಕಡಲೇ. ಗಾಜನ್ನು ಅಲ್ಲಿಂದ ತಂದವರು ಏರಿದ ದೋಣಿ ನಮಗೆ ಸಿಕ್ಕಿಲ್ಲ. ಆ ಪಯಣಕ್ಕೆ ಕಲ್ಲೊಳಗಿನ ರಸಾಯನವೇ ಸಾಕ್ಷಿ. ಇಂದು ಎಕ್ಸ್-ಕಿರಣದ ಉಪಕರಣವೊಂದು ಚೂರನ್ನು ಕೆರೆಯದೆ, ಕೆಲವೇ ನಿಮಿಷಗಳಲ್ಲಿ, ಅದೇ ದ್ವೀಪದ ಎರಡು ನೆಲೆಗಳನ್ನೂ ಬೇರ್ಪಡಿಸಿ ಹೇಳಬಲ್ಲದು: ಇದು ಸ್ತಾ ನಿಹಿಯಾದ್ದು, ಅದು ದೆಮೆನೆಗಾಕಿಯದು.