ಜಾತ್ರೆಯ ತಡೆ ಮತ್ತು ಹರಕೆಯ ನೆಲೆ: ಸವದತ್ತಿ ಎಲ್ಲಮ್ಮನ ಪರಂಪರೆಯನ್ನು ಕುರಿತ ಒಂದು ವಿವೇಚನೆ

ಸಾಂಕ್ರಾಮಿಕ ರೋಗದ ಕಾಲದಲ್ಲಿ ಜಾತ್ರೆಗಳನ್ನು ತಡೆದ ಆಡಳಿತ ಕ್ರಮಗಳ ಬಗೆಗಿನ ಬರವಣಿಗೆಯಲ್ಲಿ ಎರಡು ನಿಲುವುಗಳು ಪ್ರಧಾನವಾಗಿವೆ. ಭಕ್ತರ ಮೌಢ್ಯವು ವೈದ್ಯಕ್ಕೆ ಅಡ್ಡಿಯಾಯಿತೆಂಬುದು ಒಂದು. ವಸಾಹತುಶಾಹಿಯು ಆರೋಗ್ಯದ ನೆಪದಲ್ಲಿ ಜನರ ಆಚರಣೆಗಳನ್ನು ಹತ್ತಿಕ್ಕಿತೆಂಬುದು ಇನ್ನೊಂದು. ಪರಸ್ಪರ ವಿರುದ್ಧವಾಗಿ ತೋರುವ ಇವೆರಡೂ ಒಂದೇ ಗ್ರಹಿಕೆಯ ಮೇಲೆ ನಿಂತಿವೆ: ಜಾತ್ರೆಯೆಂದರೆ ಜನಜಂಗುಳಿ. ಸವದತ್ತಿಯ ಎಲ್ಲಮ್ಮನ ಗುಡ್ಡದ ಪರಂಪರೆಯನ್ನು ಪರಿಶೀಲಿಸಿದಾಗ ಈ ಗ್ರಹಿಕೆಯ ಮಿತಿ ಸ್ಪಷ್ಟವಾಗುತ್ತದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ವೇಳೆಗೆ ಹುಬ್ಬಳ್ಳಿ, ಧಾರವಾಡಗಳನ್ನು ತತ್ತರಗೊಳಿಸಿತ್ತು. ಆಗ ಸವದತ್ತಿಯು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದ ಪರಸಗಡ ತಾಲೂಕಿನ ಕೇಂದ್ರ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯು ಪ್ರಯಾಣಿಕರ ತಪಾಸಣೆ, ರೋಗಿಗಳ ಪ್ರತ್ಯೇಕವಾಸ ಮೊದಲಾದ ವ್ಯಾಪಕ ಅಧಿಕಾರಗಳನ್ನು ಸರಕಾರಕ್ಕೆ ನೀಡಿತು. ಅದೇ ವರ್ಷ ಹಜ್ ಯಾತ್ರೆಗೂ ತಡೆ ಬಂದಿತು. ಪುಣೆಯಲ್ಲಿ ಮನೆ ಮನೆ ಶೋಧದಿಂದ ಹುಟ್ಟಿದ ಆಕ್ರೋಶವು ಪ್ಲೇಗು ಅಧಿಕಾರಿ ರ‍್ಯಾಂಡನ ಹತ್ಯೆಯವರೆಗೆ ಹೋಯಿತು. ಆಜ್ಞೆ ಯಾವುದೆಂಬುದರಷ್ಟೇ ಅದು ಜಾರಿಯಾದ ರೀತಿಯೂ ಇಲ್ಲಿ ಮುಖ್ಯ.

ವೈದ್ಯಕೀಯ ತಿಳಿವಳಿಕೆಯೂ ಆಗ ಪೂರ್ಣವಾಗಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಸೈಮಂಡ್ 1898ರಲ್ಲಿ ಪ್ರತಿಪಾದಿಸಿದರೂ ಆ ಮಾತಿಗೆ ಮನ್ನಣೆ ದೊರೆಯಲು ಮುಂದೆ ಹಲವು ವರ್ಷ ಬೇಕಾದವು. ಪುಪ್ಪುಸಕ್ಕೆ ತಗಲುವ ಪ್ಲೇಗು ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ ಹರಡುತ್ತದೆ. ಗಡ್ಡೆ ಏಳುವ ಪ್ಲೇಗಿನಲ್ಲಿ ಇಲಿ ಬಿದ್ದ ಮನೆ, ಕಾಳಿನ ಚೀಲ, ಹಾಸಿಗೆ ಬಟ್ಟೆಗಳೇ ಹೆಚ್ಚಿನ ಅಪಾಯ. ಈ ದೃಷ್ಟಿಯಿಂದ ಮನೆ ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಜನರ ನಡೆ ವಿವೇಕದ್ದಾಗಿತ್ತು. ಮನೆಗಳಿಗೆ ಬೀಗ ಹಾಕಿ ಇಡೀ ಊರೇ ಹೊರಗೆ ಅಡುಗೆ ಮಾಡಿ ಉಣ್ಣುವ ‘ಹೊರಬೀಡು’ ಆಚರಣೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. ಆದರೆ ಹೊರಬೀಡನ್ನು ವಿಜ್ಞಾನವೆಂದು ಕೊಂಡಾಡುವುದೂ ತಪ್ಪೇ. ಒಂದು ದಿನದ ವಿಧಿಯಿಂದ ಚಿಗಟ ಸಾಯದು. ಊರು ಬಿಡುವುದನ್ನು ಸೋಲೆಂದು ಕಾಣದ ಮನೋಭಾವವನ್ನು ಅದು ಸಮುದಾಯದಲ್ಲಿ ಉಳಿಸಿಕೊಂಡು ಬಂದಿದೆ ಎಂಬುದಷ್ಟೇ ಸಮರ್ಥನೀಯ.

ಎಲ್ಲಮ್ಮನ ಜಾತ್ರೆಗೆ ಈ ಮಾತನ್ನು ಅನ್ವಯಿಸುವಾಗ ಕಾಲ ಮತ್ತು ಸ್ಥಳಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಹೊಸ್ತಿಲ ಹುಣ್ಣಿಮೆಗೆ ದೇವಿಯ ವೈಧವ್ಯ, ಭಾರತ ಹುಣ್ಣಿಮೆಗೆ ಅವಳ ಮುತ್ತೈದೆತನ ಎಂಬುದು ಭಕ್ತರ ನಂಬಿಕೆ. ಹುಣ್ಣಿಮೆಗಳು ಇಲ್ಲಿ ದೇವಿಯ ಬದುಕಿನ ಘಟ್ಟಗಳೇ ಆಗಿರುವುದರಿಂದ ಜಾತ್ರೆಯನ್ನು ಮುಂದೂಡುವ ಮಾತಿಗೆ ಈ ಪರಂಪರೆಯಲ್ಲಿ ಅರ್ಥವಿಲ್ಲ. ಆದರೆ ಸ್ಥಳದ ವಿಷಯದಲ್ಲಿ ಅದು ಉದಾರವಾಗಿದೆ. ಜೋಗತಿಯರು ದೇವಿಯ ಜಗವನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗುತ್ತಾರೆ. ಮನೆಯಂಗಳದಲ್ಲಿ ಚೌಡಿಕೆ ನುಡಿಯುತ್ತದೆ. ಮನೆಯಲ್ಲಿಯೇ ಪಡ್ಡಲಗಿ ತುಂಬಿಸುತ್ತಾರೆ. ಗುಡ್ಡಕ್ಕೆ ಹೋಗಲಾಗದವರ ಬಳಿಗೆ ದೇವಿಯೇ ಬರುವ ದಾರಿ ಹೀಗೆ ತೆರೆದಿದೆ. ಆದ್ದರಿಂದ ‘ಬರಬೇಡಿ’ ಎಂದಷ್ಟೇ ಹೇಳುವ ಆಜ್ಞೆಗಿಂತ ‘ಇದ್ದಲ್ಲಿಯೇ ನಡೆಸಿರಿ’ ಎಂಬ ಮಾತು ಭಕ್ತರಿಗೆ ಹೆಚ್ಚು ಹತ್ತಿರದ್ದು.

ಕೊರೊನಾ ಕಾಲದಲ್ಲಿ, 2020ರಲ್ಲಿ, ಗುಡ್ಡದ ದೇವಾಲಯವು ಭಕ್ತರಿಗೆ ತಿಂಗಳುಗಟ್ಟಲೆ ಮುಚ್ಚಿತ್ತು. ಉಸಿರಿನಿಂದ ಹರಡುವ ರೋಗಕ್ಕೆ ಜನಸಂದಣಿಯ ತಡೆ ಅಗತ್ಯವೇ ಆಗಿತ್ತು. ಪ್ಲೇಗಿನ ಕಾಲದ ತರ್ಕವನ್ನು ಅಲ್ಲಿಗೆ ಹಾಗೆಯೇ ಒಯ್ಯಲಾಗದು. ಮನೆ ಮನೆಗೆ ತಿರುಗುವ ಜಗವೂ ಆಗ ನಿಲ್ಲಬೇಕಾದದ್ದೇ. ಉಳಿಯಬಹುದಾದದ್ದು ಆಯಾ ಮನೆಯ ಪಡ್ಡಲಗಿ ಮಾತ್ರ. ಹರಕೆ ಹೀಗೆ ಮನೆಯಲ್ಲಿ ಸಂದೀತು. ಆದರೆ ಭಂಡಾರ, ಬಳೆ, ಕಾಯಿ ಮಾರುವವರ ಹಾಗೂ ಜೋಗತಿಯರ ಅನ್ನ ಸಂದಣಿಯನ್ನೇ ನಂಬಿದೆ. ತಡೆಯ ಹೊರೆ ಇವರ ಮೇಲೆಯೇ ಹೆಚ್ಚು ಬೀಳುತ್ತದೆ ಎಂಬುದನ್ನು ಮೇಲಿನ ಎರಡೂ ನಿಲುವುಗಳು ಗಮನಿಸಿಲ್ಲ.

ಜಾತ್ರೆಯ ತಡೆಯನ್ನು ನಂಬಿಕೆ ಮತ್ತು ವಿಜ್ಞಾನಗಳ ಸಂಘರ್ಷವೆಂದು ಮಾತ್ರ ಓದಿದರೆ ಇವರು ಕಣ್ಣಿಗೆ ಬೀಳುವುದಿಲ್ಲ. ಪರಂಪರೆಯು ಯಾವುದನ್ನು ಬಿಟ್ಟುಕೊಡಬಲ್ಲದು, ಯಾವುದನ್ನು ಬಿಡಲಾರದು, ಬಿಟ್ಟಾಗ ಯಾರ ಒಲೆ ಆರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಕೇಳುವುದು ಜಾನಪದ ಅಧ್ಯಯನದ ಹೊಣೆಯಾಗಿದೆ.