ಹತ್ಯೆಯ ವಾರ್ತೆಯೂ ಸತ್ಯಾಣುವ್ರತವೂ

2015ನೆಯ ಇಸವಿ ಆಗಸ್ಟ್ 30, ರವಿವಾರ. ಧಾರವಾಡದ ಕಲ್ಯಾಣನಗರದ ತಮ್ಮ ಮನೆಯಲ್ಲಿ ಡಾ. ಎಂ. ಎಂ. ಕಲಬುರ್ಗಿಯವರು ಗುಂಡಿಗೆ ಬಲಿಯಾದ ಸುದ್ದಿ ಕೌಜಲಗಿಗೆ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಧ್ಯಾಹ್ನದ ಊಟದ ವೇಳೆಗೆ ನಮ್ಮ ಅಡತಿ ಅಂಗಡಿಯ ಕಟ್ಟೆಯ ಮೇಲೆ ಆ ಕೊಲೆಗೆ ನಾಲ್ಕು ಕಾರಣಗಳು ಸಿದ್ಧವಾಗಿದ್ದವು. ಆಸ್ತಿಯ ತಂಟೆ ಎಂದರು ಒಬ್ಬರು. ಸಂಶೋಧನೆಯ ಹಳೆಯ ವಿವಾದ ಎಂದರು ಮತ್ತೊಬ್ಬರು. ಜಾತಿಯೊಳಗಿನ ಜಗಳ ಎಂದು ಮೂರನೆಯವರು. ಧರ್ಮನಿಂದೆಗೆ ತಕ್ಕ ಫಲ ಎಂದು, ದನಿ ತಗ್ಗಿಸಿ, ನಾಲ್ಕನೆಯವರು. ನಾಲ್ವರೂ ತಮ್ಮ ಮಾತಿಗೆ ಟಿ.ವಿ.ಯನ್ನೇ ಸಾಕ್ಷಿಯಾಗಿ ಕರೆದರು.

ಕೊಂದವರು ಯಾರೆಂಬುದು ಅಂದು ಪೊಲೀಸರಿಗೂ ತಿಳಿದಿರಲಿಲ್ಲ. ಕಲಬುರ್ಗಿಯವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿ, 2019ರ ಫೆಬ್ರುವರಿಯಲ್ಲಿ ಪ್ರಕರಣವು ಗೌರಿ ಲಂಕೇಶ್ ಹತ್ಯೆಯ ವಿಶೇಷ ತನಿಖಾ ದಳಕ್ಕೆ ವರ್ಗವಾಗಿ, ಅದೇ ವರ್ಷ ಆಗಸ್ಟಿನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಗುವಷ್ಟರಲ್ಲಿ ನಾಲ್ಕು ವರ್ಷಗಳು ಕಳೆದಿದ್ದವು. ಈ ನಡುವೆ ಪತ್ರಿಕೆಗಳು, ವಾಹಿನಿಗಳು, ಅವುಗಳಿಗಿಂತ ಮಿಗಿಲಾಗಿ ರಾಜಕೀಯ ಪಕ್ಷಗಳು ನಡೆದುಕೊಂಡ ರೀತಿಯನ್ನು ಶ್ರಾವಕಾಚಾರದ ಬೆಳಕಿನಲ್ಲಿ ಪರಿಶೀಲಿಸಬೇಕೆಂಬುದು ಈ ಬರಹದ ಉದ್ದೇಶ. ನಾನು ಪತ್ರಕರ್ತನಲ್ಲ, ನ್ಯಾಯವೇತ್ತನೂ ಅಲ್ಲ. ಕಿರ್ದಿ-ಖಾತೆ ಬರೆದು ಬದುಕಿದವನು. ಆದುದರಿಂದ ಜಮಾ-ಖರ್ಚಿನ ದೃಷ್ಟಿ ನನ್ನನ್ನು ಬಿಟ್ಟು ಹೋಗದು, ವಾಚಕರು ಕ್ಷಮಿಸಬೇಕು.

ಸತ್ಯಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸುಳ್ಳು ಬೋಧನೆ, ಗುಟ್ಟು ಬಯಲು ಮಾಡುವುದು, ಸುಳ್ಳು ದಸ್ತಾವೇಜು ಇವು ಸತ್ಯಕ್ಕೆ ಭಂಗವೆಂಬುದು ಯಾರಿಗೂ ತಿಳಿಯುವ ಮಾತು. ಆದರೆ ನಂಬಿ ಇಟ್ಟ ಗಂಟನ್ನು ಅಪಹರಿಸುವ ನ್ಯಾಸಾಪಹಾರವು ಅಚೌರ್ಯಾಣುವ್ರತದ ಕೆಳಗೆ ಬರದೆ ಸತ್ಯದ ಕೆಳಗೆ ಏಕೆ ಬಂದಿತು ಎಂಬ ಶಂಕೆ ನನಗೆ ಬಹುಕಾಲ ಇದ್ದಿತು. ಇದಕ್ಕೆ ಟೀಕಾಕಾರರು ಕೊಡುವ ವಿವರಣೆ ಸೂಕ್ಷ್ಮವಾದದ್ದು. ಇಟ್ಟವನು ತಾನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಕೇಳುತ್ತಾನೆ; ಇಟ್ಟುಕೊಂಡವನು ‘ಆಗಲಿ’ ಎಂದು ಅಷ್ಟನ್ನೇ ಕೊಟ್ಟು ಸುಮ್ಮನಾಗುತ್ತಾನೆ. ಅವನು ಆಡಿದ ಯಾವ ಶಬ್ದವೂ ಸುಳ್ಳಲ್ಲ. ಮೌನವೇ ಸುಳ್ಳು.

ಬಿ.ಕಾಂ. ಮುಗಿಸಿ ಅಂಗಡಿಯಲ್ಲಿ ಕುಳಿತ ಮೊದಲ ವರ್ಷ ಇದು ನನ್ನ ಕೈಯಿಂದಲೇ ಆಗುವುದರಲ್ಲಿತ್ತು. ಗೋವಿನಜೋಳದ ನಲವತ್ತು ಚೀಲ ಇಳಿಸಿ ಹೋದ ರೈತರೊಬ್ಬರು ಎರಡು ತಿಂಗಳ ಮೇಲೆ ಬಂದು ಮೂವತ್ತೆಂಟು ಚೀಲದ ಹಣ ಕೇಳಿದರು. ನಾನು ಸುಮ್ಮನಿದ್ದು ನೋಟು ಎಣಿಸತೊಡಗಿದೆ. ಒಳಗಿದ್ದ ತಂದೆಯವರು ಖಾತೆಪುಸ್ತಕವನ್ನೇ ತಂದು ರೈತರ ಮುಂದಿಟ್ಟು, ‘ನಲವತ್ತ ಐತಿ ನೋಡ್ರಿ’ ಎಂದರು. ನನಗೆ ಮಾತ್ರ ಏನೂ ಹೇಳಲಿಲ್ಲ. ಸೂತ್ರದ ಅರ್ಥ ನನಗೆ ಆಗ ಆಯಿತು.

ಈಗ ಕಲಬುರ್ಗಿಯವರ ಪ್ರಕರಣಕ್ಕೆ ಬರೋಣ. 2014ರ ಜೂನ್ 9ರಂದು ಬೆಂಗಳೂರಿನಲ್ಲಿ ಮೂಢನಂಬಿಕೆಯ ವಿಷಯವಾಗಿ ಒಂದು ಸಭೆ ನಡೆಯಿತು. ಅಲ್ಲಿ ಮಾತನಾಡುತ್ತ ಅವರು, ಯು. ಆರ್. ಅನಂತಮೂರ್ತಿಯವರು ತಮ್ಮ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಪುಸ್ತಕದಲ್ಲಿ ಬಾಲ್ಯದ ಒಂದು ಪ್ರಸಂಗವಾಗಿ ಬರೆದಿದ್ದನ್ನು ಉದಾಹರಿಸಿದರು: ದೈವದ ಕಲ್ಲಿಗೆ ನಿಜವಾಗಿಯೂ ಶಕ್ತಿಯಿದೆಯೇ ಎಂದು ಪರೀಕ್ಷಿಸಲು ಹುಡುಗನು ಅದರ ಮೇಲೆ ಮೂತ್ರ ಮಾಡಿದ ಸಂಗತಿ. ಉದಾಹರಣೆ ಉಚಿತವಾಗಿತ್ತೇ ಎಂದು ಚರ್ಚಿಸಬಹುದು. ನನ್ನ ಮಟ್ಟಿಗೆ ಅದು ಶ್ರದ್ಧಾವಂತರ ಮನಸ್ಸು ನೋಯಿಸುವಂಥದು. ಮೂರ್ತಿಪೂಜೆ ಮಾಡುವ ನಮಗೂ ಅದು ಹಿತವಾದ ಮಾತಲ್ಲ. ಆದರೆ ಆ ಮಾತು ನಾಲ್ಕು ಚೀಲಗಳ ಗಂಟಾಗಿತ್ತು. ಬರೆದವರು ಇಂಥವರು, ಪ್ರಸಂಗ ಬಾಲ್ಯದ್ದು, ಹೇಳಿದ ಸಂದರ್ಭ ಕಾಯಿದೆಯ ಚರ್ಚೆ. ಸುದ್ದಿಯಲ್ಲಿ ಜನರಿಗೆ ತಲುಪಿದ್ದು ನಾಲ್ಕನೆಯದಾದ ಮೂತ್ರ ಒಂದೇ. ಇನ್ನುಳಿದ ಮೂರು ಚೀಲಗಳು ಸುದ್ದಿಮನೆಗಳ ಉಗ್ರಾಣದಲ್ಲಿಯೇ ಉಳಿದವು. ಮುದ್ರಿಸಿದ್ದು ಸುಳ್ಳೆಂದು ಯಾರೂ ಹೇಳಲಾರರು. ಪ್ರತಿಭಟನೆಗಳಾದವು, ಪೊಲೀಸ್ ದೂರುಗಳಾದವು, ಮನೆಗೆ ಪೊಲೀಸ್ ಕಾವಲು ಬಂದಿತು. ಆ ಕಾವಲು ಹತ್ಯೆಗೆ ಕೆಲ ದಿನ ಮುಂಚೆ ಇಲ್ಲವಾಗಿತ್ತು. ಆ ಜೂನ್ 9ರ ಭಾಷಣವೇ ಕೊಲೆಗೆ ಪ್ರೇರಣೆ ಎಂದು ತನಿಖಾ ದಳವು ಆರೋಪಪಟ್ಟಿಯಲ್ಲಿ ಹೇಳಿದೆ. ಆರೋಪವು ತೀರ್ಪಲ್ಲ ಎಂಬುದು ನಿಜ. ಆದರೂ ಆ ವಾರ್ತೆಯನ್ನು ಕತ್ತರಿಸಿದ ಕೈಗಳು ಒಮ್ಮೆಯಾದರೂ ಖಾತೆ ತೆಗೆದು ನೋಡಿಕೊಂಡವೇ?

ಕೊಲೆಯಾದ ಮೇಲಾದರೂ ಗಂಟು ಪೂರ್ತಿ ಹಿಂದಿರುಗಿತೇ? ಇಲ್ಲ. ವಾಹಿನಿಗಳಲ್ಲಿ ವಾರಗಟ್ಟಲೆ ಅವರು ‘ವಿವಾದಾತ್ಮಕ ಸಾಹಿತಿ’ಯಾಗಿಯೇ ಕಾಣಿಸಿಕೊಂಡರು. ಸಿಂದಗಿ ತಾಲೂಕಿನ ಯರಗಲ್ಲಿನ ಬಡತನದಿಂದ ಮೇಲೆದ್ದು ಬಂದು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿ, ಸಮಗ್ರ ವಚನ ಸಂಪುಟಗಳ ಹದಿನೈದು ಸಂಪುಟಗಳಿಗೆ ದುಡಿದು, ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, ಕವಿರಾಜಮಾರ್ಗದ ಪರಿಸರವನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆದು ನೃಪತುಂಗ-ಶ್ರೀವಿಜಯರ ಕಾಲದ ಜೈನ ಸಾಹಿತ್ಯದ ಮೇಲೆ ಬೆಳಕು ಚೆಲ್ಲಿದವರು, ಆದಿಲಶಾಹಿ ಕಾಲದ ಗ್ರಂಥಗಳನ್ನು ಕನ್ನಡಕ್ಕೆ ತರುವ ಯೋಜನೆಯನ್ನೂ ಹೊತ್ತವರು. ಧರ್ಮದ್ರೋಹಿ ಎಂದು ಚಿತ್ರಿತರಾದವರು ಆಯುಷ್ಯವನ್ನು ಕಳೆದದ್ದು ಶರಣರ ಮಾತುಗಳ ಪಾಠಶೋಧನೆಯಲ್ಲಿ. 1989ರಲ್ಲಿ ಚನ್ನಬಸವಣ್ಣನವರ ಜನ್ಮದ ಕುರಿತ ತಮ್ಮ ಬರಹಕ್ಕಾಗಿ ಸ್ವಸಮಾಜದ ಒತ್ತಡಕ್ಕೆ ಮಣಿದು ಮಾತು ಹಿಂತೆಗೆದುಕೊಂಡು, ಅದರ ನೋವನ್ನು ಕೊನೆಯವರೆಗೂ ಅನುಭವಿಸಿದರು. ಇಂಥ ಜೀವನವನ್ನು ಒಂದು ವಿಶೇಷಣದಲ್ಲಿ ಅಡಕಗೊಳಿಸಿದ್ದು ಕಡಿಮೆ ತೂಕದ ವ್ಯವಹಾರ.

ಇದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಬರುವ ಜೀವಾಧಿಕರಣದ ಲೆಕ್ಕ ನಮಗೆಲ್ಲ ಪರಿಚಿತವೇ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ-ವಚನ-ಕಾಯಗಳೆಂಬ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕ್ರೋಧಾದಿ ಕಷಾಯಗಳು ನಾಲ್ಕು, ಗುಣಿಸಿದರೆ ನೂರೆಂಟು. ಜಪಮಾಲೆಯ ಮಣಿ ಎಣಿಸುವಾಗ ನಾವು ‘ಅನುಮತ’ವನ್ನು ಬೇಗನೆ ದಾಟಿಬಿಡುತ್ತೇವೆ. ಮಾಡಿದವನು, ಮಾಡಿಸಿದವನು, ಮೆಚ್ಚಿದವನು ಮೂವರಿಗೂ ಆಸ್ರವ ಉಂಟು. ದಂಡಸಂಹಿತೆ ಮೊದಲಿನ ಇಬ್ಬರನ್ನು ಹಿಡಿಯುತ್ತದೆ. ಮೂರನೆಯವನು ಅದಕ್ಕೆ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತಾನೆ.

ಕಲಬುರ್ಗಿಯವರ ಹತ್ಯೆಯ ದಿನವೇ ಕರಾವಳಿಯ ಸಂಘಟನೆಯೊಂದರ ಕಾರ್ಯಕರ್ತನೊಬ್ಬ ಟ್ವಿಟರಿನಲ್ಲಿ ಸಾವನ್ನು ಸಂಭ್ರಮಿಸಿ, ಮುಂದಿನ ಸರದಿ ಕೆ. ಎಸ್. ಭಗವಾನರದು ಎಂದು ಬರೆದ. ಬಂಧನವಾಯಿತು, ಜಾಮೀನಾಯಿತು. ಭಗವಾನರನ್ನು ಕೊಲ್ಲುವ ಸಂಚು ನಡೆದಿತ್ತೆಂದು 2018ರಲ್ಲಿ ಪೊಲೀಸರೇ ಹೇಳಿದರು. 2017ರ ಸಪ್ಟಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರು ಹತರಾದಾಗ ಸೂರತ್ತಿನ ವ್ಯಾಪಾರಿಯೊಬ್ಬರು ಸತ್ತ ಹೆಣ್ಣುಮಗಳನ್ನು ಪ್ರಾಣಿಗೆ ಹೋಲಿಸಿ ಬರೆದರು. ವ್ಯಾಪಾರಿ ಎಂಬ ಶಬ್ದ ಓದಿದಾಗ ನನಗೆ ಹೆಚ್ಚಿನ ನಾಚಿಕೆಯಾಯಿತು. ಕೇಂದ್ರ ಸಚಿವ ರವಿಶಂಕರ ಪ್ರಸಾದರು ಅಂಥ ಸಂತೋಷಪ್ರದರ್ಶನವನ್ನು ಖಂಡಿಸಿದರು. ಅದನ್ನು ಜಮಾ ಬದಿಗೆ ಹಿಡಿಯಲೇಬೇಕು.

ಪಕ್ಷಗಳ ವಿಷಯಕ್ಕೆ ಬಂದರೆ ಎರಡೂ ಖಾತೆಗಳು ಅಶುದ್ಧ. ಗೌರಿಯವರ ಅಂತ್ಯಕ್ರಿಯೆಯೂ ಆಗುವ ಮುಂಚೆಯೇ ಕಾಂಗ್ರೆಸ್ಸಿನ ಅಂದಿನ ಉಪಾಧ್ಯಕ್ಷ ರಾಹುಲ್ ಗಾಂಧಿಯವರು ಬಿ.ಜೆ.ಪಿ. ಮತ್ತು ಆರ್.ಎಸ್.ಎಸ್. ವಿಚಾರಧಾರೆಯತ್ತ ಬೆರಳು ತೋರಿದರು. ರಾಜ್ಯದಲ್ಲಿ ಅವರದೇ ಸರಕಾರವಿದ್ದು, ತನಿಖೆ ಇನ್ನೂ ಆರಂಭದಲ್ಲಿದ್ದಿತು. ತಮ್ಮದೇ ಆಡಳಿತದಲ್ಲಿ ಎರಡು ವರ್ಷದ ಹಿಂದೆ ನಡೆದ ಧಾರವಾಡದ ಕೊಲೆಯ ತನಿಖೆ ಏಕೆ ಮುಂದೆ ಸಾಗಿಲ್ಲ ಎಂಬ ಪ್ರಶ್ನೆಗೆ ಆ ಬೆರಳು ಉತ್ತರವಲ್ಲ. ಎದುರು ಪಕ್ಷದ ಶಾಸಕರೊಬ್ಬರು, ಗೌರಿಯವರು ಹೀಗೆ ಬರೆಯದಿದ್ದರೆ ಬದುಕಿರುತ್ತಿದ್ದರೇನೋ ಎಂಬ ಅರ್ಥದ ಮಾತಾಡಿ ತರುವಾಯ ವಿವರಣೆ ಕೊಡಬೇಕಾಯಿತು.

ಅದೇ ಪಕ್ಷ ಇನ್ನೊಂದು ಪ್ರಶ್ನೆ ಎತ್ತಿತು: 2016ರ ಅಕ್ಟೋಬರಿನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಆರ್.ಎಸ್.ಎಸ್. ಕಾರ್ಯಕರ್ತ ರುದ್ರೇಶರು, 2017ರ ಜುಲೈಯಲ್ಲಿ ಬಂಟ್ವಾಳದಲ್ಲಿ ಶರತ್ ಮಡಿವಾಳರು ಹತರಾದಾಗ ಈ ಲೇಖಕರೆಲ್ಲ ಎಲ್ಲಿದ್ದರು? ಪ್ರಶ್ನೆಯಲ್ಲಿ ನ್ಯಾಯವಿದೆ. ಜೀವ ಜೀವವೇ, ಕೊಲೆಯಾದವನ ಗುಂಪು ನೋಡಿ ಕಣ್ಣೀರು ಅಳೆಯುವುದು ಅಹಿಂಸೆಯಲ್ಲ, ಮತ್ತು ರುದ್ರೇಶರ ಕುಟುಂಬಕ್ಕೆ ದಿಲ್ಲಿಯ ಬುದ್ಧಿಜೀವಿಗಳು ಒಂದು ಕಾಗದವನ್ನೂ ಬರೆಯಲಿಲ್ಲವೆಂದು ಅನಿಸಿದ್ದರೆ ಆ ಅನಿಸಿಕೆಯನ್ನು ತಳ್ಳಿಹಾಕಲಾಗದು. ಆದರೆ ಈ ನ್ಯಾಯಯುತ ಪ್ರಶ್ನೆಯ ಬೆನ್ನಿಗೇ ಕೂಟಲೇಖವೂ ಬಂದಿತು. ಸಂಸದೆಯೊಬ್ಬರು ಕೇಂದ್ರ ಗೃಹಸಚಿವರಿಗೆ ಕಳಿಸಿದ ಹತ ಕಾರ್ಯಕರ್ತರ 23 ಹೆಸರುಗಳ ಪಟ್ಟಿಯಲ್ಲಿ ಮೊದಲನೆಯ ಹೆಸರಿನ ವ್ಯಕ್ತಿ ಜೀವಂತವಿದ್ದರು! ನಿಜವಾಗಿ ಸತ್ತವರಿಗೆ ಆ ಪಟ್ಟಿ ಮಾಡಿದ ಅಪಚಾರ ಸಾಮಾನ್ಯವಲ್ಲ. ಒಂದು ಸುಳ್ಳು ನಮೂದು ಸಿಕ್ಕಿತೆಂದರೆ ಆಡಿಟರು ಇಡೀ ಪುಸ್ತಕವನ್ನು ಸಂಶಯಿಸುತ್ತಾನೆ.

2015ರ ಶರತ್ಕಾಲದ ಪ್ರಶಸ್ತಿ ವಾಪಸಾತಿಯ ಬಗೆಗೆ ಹೆಚ್ಚು ಹೇಳುವುದಿಲ್ಲ. ಹಿಂದಿರುಗಿಸಿದ್ದು ಅವರವರ ಆತ್ಮಸಾಕ್ಷಿ. ಅಕಾಡೆಮಿಯು ಖಂಡನಾ ನಿರ್ಣಯ ಮಾಡಲು ಅಕ್ಟೋಬರ್ 23ರ ತನಕ ಕಾದದ್ದು ಸರಿಯಲ್ಲ. ಆದರೆ ವಾಹಿನಿಗಳ ಚರ್ಚೆಯೆಲ್ಲ ಹಿಂದಿರುಗಿಸಿದವರ ಪ್ರಾಮಾಣಿಕತೆಯ ಮೇಲೆ ತಿರುಗಿ, ಧಾರವಾಡದ ಮನೆಯ ಬಾಗಿಲು ಚಿತ್ರದಿಂದಲೇ ಮರೆಯಾಯಿತು.

ಕೊಲೆಗಡುಕನ ಹೆಸರಿನಿಂದ ಅವನ ಸಮುದಾಯವನ್ನೇ ಗುರುತಿಸುವ ಚಾಳಿ ನಮ್ಮ ಸೀಮೆಗೆ ಹೊಸತಲ್ಲ. 1948ರ ಜನವರಿ 30ರಂದು ಮಹಾತ್ಮರ ಹತ್ಯೆಯಾಗಿ ಕೊಂದವನ ಜಾತಿ ತಿಳಿದೊಡನೆ ಕೊಲ್ಲಾಪುರ, ಸಾಂಗಲಿ, ಸಾತಾರೆಗಳಲ್ಲಿ ಏನೂ ಅರಿಯದ ಬ್ರಾಹ್ಮಣ ಕುಟುಂಬಗಳ ಮನೆಗಳಿಗೆ ಬೆಂಕಿ ಬಿದ್ದಿತು. ಕೊಲ್ಲಾಪುರದಲ್ಲಿ ಭಾಲಜಿ ಪೆಂಢಾರಕರರ ಜಯಪ್ರಭಾ ಸ್ಟುಡಿಯೋ ಸುಟ್ಟುಹೋಯಿತು. ಅಹಿಂಸೆಗಾಗಿ ಪ್ರಾಣ ಕೊಟ್ಟವರ ಹೆಸರಿನಲ್ಲಿ!

ಇಷ್ಟನ್ನೆಲ್ಲ ಪರರ ವಿಷಯವಾಗಿ ಬರೆಯುವುದು ಸುಲಭ. 2023ರ ಜುಲೈಯಲ್ಲಿ ಚಿಕ್ಕೋಡಿ ತಾಲೂಕು ಹಿರೇಕೋಡಿಯ ನಂದಿಪರ್ವತ ಆಶ್ರಮದ ಆಚಾರ್ಯ ಶ್ರೀ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾಯಿತು. ಅದು ರಾಜಕೀಯ ಹತ್ಯೆಯಲ್ಲ. ಆದರೆ ಎರಡೇ ದಿನಗಳಲ್ಲಿ ರಾಜಕೀಯದ್ದಾಯಿತು. ಬಂಧಿತರಾದ ಇಬ್ಬರಲ್ಲಿ ಒಬ್ಬನ ಹೆಸರು ಹಿಂದೂ, ಇನ್ನೊಬ್ಬನದು ಮುಸಲ್ಮಾನ. ಯಾವ ಹೆಸರನ್ನು ದೊಡ್ಡದಾಗಿ ಓದಬೇಕೆಂಬುದರಲ್ಲೇ ಪಕ್ಷಭೇದ ಕಂಡಿತು. ಒಂದು ಪಕ್ಷ ಸಿ.ಬಿ.ಐ. ಬೇಕೆಂದಿತು, ಸರಕಾರ ಸಿ.ಐ.ಡಿ.ಗೆ ಒಪ್ಪಿಸಿತು. ಹಣದ ವ್ಯವಹಾರವೇ ಕಾರಣವೆಂದು ಪೊಲೀಸರು ಹೇಳಿದ್ದು ನಮ್ಮ ಕಿವಿಗೆ ಕಹಿಯಾಯಿತು. ಬೇರೆ ಯಾವುದಾದರೂ ಕಾರಣ ನಿಜವಾಗಿರಲಿ ಎಂದು ನಾವೇ ಹಂಬಲಿಸಿದೆವು, ಹಂಬಲಿಸಿದ್ದನ್ನೇ ಕಂಡೆವು.

ನಾನೂ ಹೊರತಲ್ಲ. ಮೌನ ಮೆರವಣಿಗೆಯಿಂದ ಮರಳಿದ ಸಂಜೆ ನನ್ನ ಫೋನಿಗೆ ಒಂದು ಸಂದೇಶ ಬಂದಿತ್ತು. ಕೊಲೆಯ ಹಿಂದೆ ದೊಡ್ಡ ಪಿತೂರಿಯಿದೆ, ಮುಂದಿನ ಗುರಿ ಇಂಥ ಕ್ಷೇತ್ರ ಎಂದು. ಯಾರು ಬರೆದರು, ಎಲ್ಲಿಂದ ಬಂತು ಎಂದು ನೋಡದೆ ಮೂಡಲಗಿ, ಗೋಕಾಕ, ಹುಕ್ಕೇರಿಗಳ ಹನ್ನೊಂದು ಜನ ಬಂಧುಗಳಿಗೆ ಮುಂದೆ ಕಳಿಸಿದೆ. ಅದಕ್ಕೆ ಆಧಾರವಿಲ್ಲವೆಂದು ವಾರದ ಮೇಲೆ ತಿಳಿಯಿತು. ಒಬ್ಬೊಬ್ಬರಿಗೂ ಫೋನು ಮಾಡಿ ಹೇಳಿದೆ. ಒಂಬತ್ತು ಜನ ಆಲಿಸಿದರು. ಒಬ್ಬರು ಫೋನು ಎತ್ತಲಿಲ್ಲ. ಹನ್ನೊಂದನೆಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ‘ಇರಲಿ ಬಿಡ್ರೆಪಾ, ಖರೇನ ಆಗಿದ್ದರೂ ಆಗಿರಬಹುದು’ ಎಂದರು.